ಎಡಗಿವಿಗೆ ದೊಡ್ಡದು, ಬಲಗಿವಿಗೆ ಸಣ್ಣದು

ನಮ್ಮೂರಿನಲ್ಲಿ ಯಾರಿಗಾದರೂ ಏದುಸಿರು ಬಂದರೆ ಅವರ ಮನಸ್ಸಿನಲ್ಲಿರುವುದು ಹೊರಗೆ ಕೇಳಿಸುತ್ತದೆ. ಬಾಯಿ ಬಿಗಿಹಿಡಿದುಕೊಂಡರೂ ಅಷ್ಟೇ. ಅವರದೇ ದನಿಯಲ್ಲಿ, ಪಕ್ಕದಲ್ಲಿದ್ದವರಿಗೆ ಅಕ್ಷರ ಅಕ್ಷರವೂ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಯಾರೂ ಬಸ್ಸು ಹಿಡಿಯಲು ಓಡುವುದಿಲ್ಲ, ಬಸ್ಸೇ ನಿಂತು ಕಾಯುತ್ತದೆ. ಹೆಣ್ಣು ನೋಡುವ ಶಾಸ್ತ್ರವನ್ನು ಕಲ್ಯಾಣ ಮಂಟಪದ ಮೂರನೇ ಮಹಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಗಂಡಿನ ಕಡೆಯವರು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅರ್ಧ ಮಾತುಕತೆ ಮುಗಿದಿರುತ್ತದೆ. ಪುರಸಭೆಗೆ ನಿಂತವರು ಚುನಾವಣೆಗೆ ಮುಂಚೆ ಕೆರೆ ಏರಿಯ ಮೇಲೆ ಜನರ ಮುಂದೆ ಓಡಬೇಕು. ಅದರಿಂದಾಗಿ ನಮ್ಮ ಸದಸ್ಯರೆಲ್ಲ ಕಟ್ಟುಮಸ್ತಾದವರು, ಎಷ್ಟು ಓಡಿದರೂ ಉಸಿರು ಕದಲುವುದಿಲ್ಲ. ನನ್ನ ಮದುವೆಯಾದ ಹೊಸದರಲ್ಲಿ ನನ್ನ ಗಂಡ ಎರಡು ಕೊಡ ನೀರು ಹೊತ್ತು ಮಹಡಿಗೆ ಬಂದಾಗ, "ಇವಳಿಗಿಂತ ಇವಳ ಅಕ್ಕ ಲಕ್ಷಣವಾಗಿದ್ದಳು" ಎಂದು ಕೇಳಿಸಿತು. ಅದಾದ ಮರುವಾರವೇ ನಮ್ಮ ಮನೆಗೆ ನೀರಿನ ಪಂಪು ಬಂತು.

ನನ್ನ ಹೆಸರು ವನಮಾಲ. ಪೇಟೆ ಬೀದಿಯ 'ಸಖಿ ಲೇಡೀಸ್ ಟೈಲರ್ಸ್' ನನ್ನದು. ಕಳೆದ ವರ್ಷ, ನನಗೆ ಐವತ್ತಮೂರು ತುಂಬಿದ ವಾರ, ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಾಕಿಂಗ್ ಮಾಡ್ತೀರಾ?" ಎಂದರು.

"ದಿನಾ ಮಾಡ್ತೀನಿ ಡಾಕ್ಟ್ರೇ."

"ಉಸಿರು ಬರೋ ಹಾಗೆ?"

"ಅಯ್ಯೋ, ಬೀದಿಯಲ್ಲಿ ಯಾರಾದ್ರೂ ಉಸಿರು ಬರೋ ಹಾಗೆ ನಡೀತಾರಾ!"

"ಅದಕ್ಕೇ ಈ ಊರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ," ಎಂದರು ಅವರು, ಕುರ್ಚಿಯಿಂದ ಏಳದೆ, ಅದರ ಚಕ್ರದ ಮೇಲೇ ಉರುಳಿಕೊಂಡು ಔಷಧಿ ಕಪಾಟಿನವರೆಗೆ ಹೋಗಿ. "ಜಿಮ್ಮಿಗೆ ಸೇರ್ಕೊಳ್ಳಿ. ಅಲ್ಲಿ ಎಲ್ರೂ ಕಿವಿ ಮುಚ್ಕೊಂಡಿರ್ತಾರೆ."

ಒಂಬತ್ತು ವರ್ಷಗಳಿಂದ ನಾನು ಊರಿನ ಒಂದು ಮೆಟ್ಟಿಲನ್ನೂ ಹತ್ತಿರಲಿಲ್ಲ. ಹತ್ತದೇ ಇರಲು ಕಾರಣವಿತ್ತು, ಅದನ್ನು ಹೇಳುತ್ತೇನೆ. ಆದರೆ ಡಾಕ್ಟರು ಸೂಜಿ ಚುಚ್ಚಿಕೊಳ್ಳುವ ಮಾತನ್ನೂ ಆಡಿದರು. ದಿನವಿಡೀ ಸೂಜಿ ಹಿಡಿಯುವವಳಾದರೂ ನನಗೆ ಆ ಸೂಜಿ ಕಂಡರೆ ಆಗದು. ಮರುದಿನವೇ ವಜ್ರ ಜಿಮ್ಮಿಗೆ ಹೋದೆ.

ಜಿಮ್ಮಿನ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ಕಿವಿ ತೆರೆದವರಿಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಹತ್ತರಿಂದ ಹನ್ನೆರಡರವರೆಗೆ ಹೆಂಗಸರ ಸರದಿ. ಅದನ್ನು ನಡೆಸುವವಳು ರೋಸ್ಲಿನ್, ಮೂವತ್ತರ ಆಸುಪಾಸಿನ ಹುರಿಗಟ್ಟಿದ ಹೆಣ್ಣುಮಗಳು. ಊರಿನಲ್ಲಿ ಇದುವರೆಗೆ ಒಬ್ಬರೂ ಅವಳ ಮನಸ್ಸಿನ ಮಾತು ಕೇಳಿದ್ದಿಲ್ಲ. ಅವಳಿಗೆ ಏದುಸಿರು ಬಂದರೆ ತಾನೇ.

"ದೊಡ್ಡ ಹೆಡ್‌ಫೋನ್ ತರಬೇಡಿ ವನಮಾಲಮ್ಮ," ಎಂದಳು ನನ್ನ ಹೆಸರು ಬರೆದುಕೊಳ್ಳುತ್ತ. "ಬೆಂಚಿನ ಮೇಲೆ ಮಲಗಿದ ತಕ್ಷಣ ಜಾರುತ್ತೆ. ವೈರ್ ಇರೋದೂ ಬೇಡ. ಹೋದ ವರ್ಷ ಒಬ್ಬರ ವೈರು ಡಂಬೆಲ್ಲಿಗೆ ಸಿಕ್ಕಿಕೊಂಡು, ಕಿವಿ ಕಿತ್ತು ಬಂತೇನೋ ಅಂದ್ಕೊಂಡ್ವಿ. ಕಿವಿಯೊಳಗೆ ಕೂರೋ ಬಡ್ಸೇ ಆಗಬೇಕು. ಬೆವರಿಗೆ ಕೆಡಬಾರದು, ಬಗ್ಗಿದರೆ ಬೀಳಬಾರದು. ಹೊರಗಿನ ಸದ್ದು ಒಳಗೆ ಬಿಡೋ ಬಟನ್ ಇರೋದಂತೂ ನನ್ನ ಜಿಮ್ಮಿಗೆ ತರಲೇಬೇಡಿ."

ಹೀಗೆ ನಾನು ಜಯಶೀಲನ ಮೊಬೈಲ್ ಅಂಗಡಿಗೆ ಹೋದದ್ದು. ಜಯಶೀಲ ನಲವತ್ತರ ಗುಂಡುಗುಂಡಾದ ಮನುಷ್ಯ. ಊರಿಗೆಲ್ಲ ಇಯರ್‌ಫೋನ್ ಮಾರುವವನು ಅವನೊಬ್ಬನೇ, ಮಾರುವ ಕ್ರಮವೂ ಅವನದೇ. ಗಿರಾಕಿಯ ಕಿವಿಗೆ ಬಡ್ಸ್ ಹಾಕಿಸಿ, ತಾನು ಗಲ್ಲೆಯ ಪಕ್ಕ ನಿಂತು ಬಸ್ಕಿ ಹೊಡೆಯುತ್ತಾನೆ. ಹದಿನೈದಕ್ಕೆಲ್ಲ ಅವನಿಗೆ ಉಸಿರು ಕಟ್ಟಿ ಬರುತ್ತದೆ. ಆಗ ಅವನ ಮನಸ್ಸಿನ ಮಾತು ಗಿರಾಕಿಗೆ ಕೇಳಿಸದಿದ್ದರೆ ಮಾಲು ಒಳ್ಳೆಯದು ಎಂದು ಲೆಕ್ಕ.

"ಇದು ನೋಡಿ ಅಕ್ಕಾ, ನಂಬರ್ ಒನ್," ಎಂದು ಚಿನ್ನದ ಬಣ್ಣದ ಒಂದು ಜೊತೆಯನ್ನು ನನ್ನ ಕೈಗಿಟ್ಟು ಬಸ್ಕಿ ಶುರುಮಾಡಿದ. ಹನ್ನೆರಡನೆಯದಕ್ಕೆ ಅವನ ಮುಖ ಕೆಂಪಾಯಿತು. ಹದಿಮೂರನೆಯದಕ್ಕೆ, ಬಾಯಿ ಮುಚ್ಚಿಕೊಂಡೇ ಇದ್ದ ಅವನಿಂದ ಸ್ಪಷ್ಟವಾಗಿ ಕೇಳಿಸಿತು: "ಇದು ಮೂರು ದಿನ ಬಂದರೆ ಹೆಚ್ಚು. ಆ ಡಬ್ಬ ಖಾಲಿಯಾದ್ರೆ ಸಾಕಪ್ಪಾ."

ನಾನು ಬಡ್ಸ್ ತೆಗೆದು ಗಲ್ಲೆಯ ಮೇಲಿಟ್ಟೆ.

"ಕೇಳಿಸ್ತಾ?" ಎಂದ ಜಯಶೀಲ, ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ.

"ಡಬ್ಬ ಖಾಲಿಯಾಗಬೇಕಂತೆ."

"ಅದು ಬೇರೆ ಡಬ್ಬದ ವಿಷಯ ಅಕ್ಕಾ," ಎಂದ. ಆದರೆ ಆ ಜೊತೆಯನ್ನು ತೆಗೆದು ಒಳಗಿಟ್ಟ. ನಮ್ಮೂರಿನಲ್ಲಿ ಅವನಷ್ಟು ಪ್ರಾಮಾಣಿಕ ವ್ಯಾಪಾರಿ ಇನ್ನೊಬ್ಬನಿಲ್ಲ. ಪಾಪ, ಅವನಿಗೆ ಬೇರೆ ದಾರಿಯಿಲ್ಲ.

ಎರಡನೆಯದು ಕಿವಿಯ ಹಿಂದೆ ಕೊಕ್ಕೆ ಹಾಕುವಂಥದ್ದು. ಕೊಕ್ಕೆ ನನ್ನ ಕನ್ನಡಕದ ಕಡ್ಡಿಯೊಂದಿಗೆ ಜಗಳಕ್ಕೆ ಬಿತ್ತು. ಮೂರನೆಯದು ಉರುಟಾಗಿ ಚೆನ್ನಾಗಿತ್ತು, ಬಾಯಾಡಿಸಿದರೆ ಸಡಿಲವಾಗುತ್ತಿತ್ತು. ನಾಲ್ಕನೆಯದು ಕಪ್ಪು ಬಣ್ಣದ್ದು, ಹುಣಸೆಬೀಜದಷ್ಟು ಸಣ್ಣದು. ಜಯಶೀಲ ಹದಿನಾರು ಬಸ್ಕಿ ಹೊಡೆದ. ಬಲಗಿವಿಯಲ್ಲಿ ಏನೂ ಇಲ್ಲ, ಎಡಗಿವಿಯಲ್ಲಿ ಮಾತ್ರ ದೂರದ ರೇಡಿಯೋದ ಹಾಗೆ "ಮಂಡಿ... ಮಂಡಿ... ಊಟಕ್ಕೆ ಹುರುಳಿ ಸಾರು..." ಎಂದು ಸೋರುತ್ತಿತ್ತು. ನನಗೆ ಫಕ್ಕನೆ ಹೊಳೆಯಿತು. ಮೂವತ್ತು ವರ್ಷದಿಂದ ಅಳತೆ ತೆಗೆಯುತ್ತಿದ್ದೇನೆ. ಯಾರ ಎರಡು ಹೆಗಲೂ ಸಮ ಇದ್ದದ್ದನ್ನು ನಾನು ಕಂಡಿಲ್ಲ. ಕಿವಿ ಮಾತ್ರ ಯಾಕೆ ಸಮ ಇರಬೇಕು?

"ಇದರ ರಬ್ಬರ್ ತುದಿ ಬೇರೆ ಅಳತೇದು ಇದೆಯೇನಪ್ಪ?"

"ಡಬ್ಬದಲ್ಲೇ ಮೂರು ಅಳತೆ ಇರುತ್ತೆ ಅಕ್ಕಾ. ಯಾರೂ ತೆಗೆದೇ ನೋಡಲ್ಲ."

ಬಲಕ್ಕೆ ಮಧ್ಯಮ ಇಟ್ಟುಕೊಂಡು ಎಡಕ್ಕೆ ದೊಡ್ಡದನ್ನು ಹಾಕಿ ಮೆಲ್ಲಗೆ ತಿರುಗಿಸಿ ಕೂರಿಸಿದೆ. ಲೋಕವೇ ಮುಚ್ಚಿಹೋಯಿತು. ಜಯಶೀಲ ಇಪ್ಪತ್ತು ಬಸ್ಕಿ ಹೊಡೆದ, ಹೊಟ್ಟೆ ಮೇಲೆ ಕೆಳಗೆ ಹೋಗುತ್ತಿತ್ತು, ಕಣ್ಣು ಹೊರಬರುವ ಹಾಗಿತ್ತು, ನನಗೆ ಹಳೆಯ ಹಾಡೊಂದರ ವೀಣೆ ಬಿಟ್ಟು ಏನೂ ಕೇಳಿಸಲಿಲ್ಲ. ಸೂಜಿಗೆ ದಾರ ಪೋಣಿಸುವ ಹಾಗೆ ತಲೆ ವಾಲಿಸಿ ನೋಡಿದೆ, ಬಿದ್ದ ಗುಂಡಿ ಹುಡುಕುವ ಹಾಗೆ ಬಗ್ಗಿ ನೋಡಿದೆ, ಸುಳ್ಳು ಆಕಳಿಕೆ ತೆಗೆದು ನೋಡಿದೆ. ಅಲುಗಲಿಲ್ಲ. ಅದನ್ನೇ ಕೊಂಡೆ.

ಮೊದಲ ಎರಡು ವಾರ ಸುಖವಾಗಿ ಕಳೆಯಿತು. ಒಂಬತ್ತು ವರ್ಷಗಳ ನಂತರ ಏದುಸಿರು ಬಿಡುವುದೆಂದರೆ ಏನು ಹೇಳಲಿ, ಬಿಗಿಯಾದ ರವಿಕೆಯ ಕೊಕ್ಕೆ ಬಿಚ್ಚಿದ ಹಾಗೆ. ಟ್ರೆಡ್‌ಮಿಲ್ಲಿನ ಮೇಲೆ ದಡಬಡ ಓಡುತ್ತಿದ್ದೆ. ನನ್ನ ಸುತ್ತ ಎಂಟು ಹತ್ತು ಹೆಂಗಸರು ಭಾರ ಎತ್ತುತ್ತ, ಸೈಕಲ್ ತುಳಿಯುತ್ತ, ಅತ್ತೆಯನ್ನೋ ನಾದಿನಿಯನ್ನೋ ಬಯ್ಯುತ್ತಿದ್ದಿರಬೇಕು. ಯಾರದೂ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ನಗುತ್ತಿದ್ದೆವು.

ಮೂರನೆಯ ವಾರದ ಸೋಮವಾರ ನನ್ನ ಪಕ್ಕದ ಟ್ರೆಡ್‌ಮಿಲ್ಲನ್ನು ಹತ್ತಿದವಳು ತಾರಾಮಣಿ.

ಅವಳ ಕಿವಿಯಲ್ಲಿ ಬಡ್ಸ್ ಇರಲಿಲ್ಲ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ನನ್ನನ್ನು ನೋಡಿದಳು, ಮುಖ ತಿರುಗಿಸಿದಳು, ನಡೆಯತೊಡಗಿದಳು. ನಾನು ಬಟನ್ ಒತ್ತಿ ಒತ್ತಿ ವೇಗವನ್ನು ಎರಡಕ್ಕೆ ಇಳಿಸಿದೆ. ಹತ್ತಿಯಿಂದ ದನಿ ಸ್ವಲ್ಪ ಮಂದವಾಗುತ್ತದೆ, ಅಷ್ಟೇ. ಊರಿನ ಮಕ್ಕಳಿಗೂ ಅದು ಗೊತ್ತು. ಅವತ್ತೇ ನನಗೆ ಇನ್ನೊಂದು ವಿಷಯವೂ ಗೊತ್ತಾಯಿತು. ನಾಲ್ಕು ಜೊತೆ ನೋಡಿ, ಅಳೆದು ಸುರಿದು ನಾನು ಆರಿಸಿಕೊಂಡ ಬಡ್ಸ್, ಬೇರೆಯವರ ಮಾತು ನನಗೆ ಕೇಳದಂತೆ ಕಾಯುತ್ತದೆಯೇ ಹೊರತು, ನನ್ನ ಮಾತು ಬೇರೆಯವರಿಗೆ ಕೇಳದಂತಲ್ಲ. ನನ್ನ ಗುಟ್ಟು ಇರುವುದು ತಾರಾಮಣಿಯ ಕಿವಿಯ ಕೈಯಲ್ಲಿ.

ರೋಸ್ಲಿನ್ ಬಂದು ನನ್ನ ಕಣ್ಣ ಮುಂದೆ ಕೈಯಾಡಿಸಿದಳು. ಒಂದು ಬಡ್ ತೆಗೆದೆ. "ಏನು ವನಮಾಲಮ್ಮ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕ್ತಿದ್ದೀರಾ?" ಎಂದಳು.

"ಮಂಡಿ ನೋವು," ಎಂದೆ. ತಣ್ಣಗೆ ಉಸಿರಾಡುತ್ತಿದ್ದರೆ ನಮ್ಮೂರಿನಲ್ಲೂ ಸುಳ್ಳು ಸಲೀಸಾಗಿ ಬರುತ್ತದೆ.

ತಾರಾಮಣಿ ಮತ್ತು ನಾನು ಹದಿನೇಳು ವರ್ಷ 'ಸಖಿ'ಯಲ್ಲಿ ಎದುರುಬದುರು ಮಷೀನು ಹಾಕಿಕೊಂಡು ಕೂತವರು. ಅಂಗಡಿಗೆ ಆ ಹೆಸರಿಟ್ಟದ್ದೂ ಅವಳೇ. ಒಂಬತ್ತು ವರ್ಷದ ಹಿಂದೆ, ಮದುವೆಗಳ ಕಾಲದಲ್ಲಿ, ಹೈಸ್ಕೂಲಿನ ಹೆಡ್‌ಮಿಸ್ಸು ತಮ್ಮ ಮಗಳ ಧಾರೆ ಸೀರೆ ತಂದು ಕೊಟ್ಟರು. ಅದರ ಒಂದು ತುದಿಯಲ್ಲಿ ಜರಿ ತುಂಬಿದ ಸೆರಗು, ಇನ್ನೊಂದು ತುದಿಯಲ್ಲಿ ರವಿಕೆಗೆಂದು ನೇಯ್ದ ಬಟ್ಟೆ. ರವಿಕೆಯ ತುಂಡನ್ನು ಕತ್ತರಿಸಿ ತೆಗೆದು ಹೊಲಿಯಬೇಕು, ಅಷ್ಟೇ ಕೆಲಸ. ಮಧ್ಯಾಹ್ನ ತಾರಾಮಣಿ ಜ್ವರದ ಮಾತ್ರೆ ತರಲು ಹೋಗಿದ್ದಳು. ನಾನು ಯಾರೊಂದಿಗೋ ಫೋನಿನಲ್ಲಿ ಹರಟುತ್ತ, ಮಡಿಸಿದ ಸೀರೆಯನ್ನು ಹಾಸಿ, ಕತ್ತರಿ ಹಾಕಿದೆ. ಬಿಡಿಸಿ ನೋಡಿದರೆ ನನ್ನ ಕೈಯಲ್ಲಿ ಸೆರಗಿತ್ತು.

ಆಮೇಲೆ ನನ್ನ ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡಿದವು. ಸೆರಗನ್ನು ಸೀರೆಯೊಳಗೆ ಮಡಿಸಿ, ಕಟ್ಟನ್ನು ತಾರಾಮಣಿಯ ಮಷೀನಿನ ಪಕ್ಕ ಅವಳ ರಾಶಿಯಲ್ಲಿಟ್ಟವು. ಮರುದಿನ ಅವಳು ಬಿಚ್ಚಿ ನೋಡಿದಳು. ಹೆಡ್‌ಮಿಸ್ಸು ಬಂದು ಬೀದಿಗೆ ಕೇಳುವ ಹಾಗೆ ಕೂಗಾಡಿದರು. ತಾರಾಮಣಿ ನನ್ನ ಕಡೆ ತಿರುಗಿ, "ನೀನೇನಾದ್ರೂ ಕತ್ತರಿಸಿದ್ಯಾ ವನಾ?" ಎಂದು ಕೇಳಿದಳು. ಇಲ್ಲ ಎಂದೆ. ಅನುಮಾನ ಬಂದರೆ "ಮೆಟ್ಟಿಲು ಹತ್ತಿ ಹೇಳು" ಎನ್ನುವುದು ನಮ್ಮೂರ ವಾಡಿಕೆ. ಅವಳು ಹಾಗೆ ಕೇಳಲಿಲ್ಲ. "ಹಾಗಾದ್ರೆ ನಾನೇ ಇರ್ಬೇಕು ಕಣೇ. ಜ್ವರದಲ್ಲಿ ಏನು ಮಾಡಿದ್ನೋ," ಎಂದಳು. ಕೇಳಿದ್ದರೆ ಹತ್ತಿಬಿಡುತ್ತಿದ್ದೆನೋ ಏನೋ. ಅವಳು ನಂಬಿದ್ದೇ ನನಗೆ ತಡೆಯಲಾಗಲಿಲ್ಲ. ಅವಳ ಮುಖ ಕಂಡರೆ ಮೈ ಉರಿಯತೊಡಗಿತು. ಗುಂಡಿಗೆ, ದಾರಕ್ಕೆ, ಟೀ ಲೋಟಕ್ಕೆ ಜಗಳ ತೆಗೆದೆ. ಆರು ವಾರಕ್ಕೆ ಅವಳು ತನ್ನ ಮಷೀನನ್ನು ರಸ್ತೆಯಾಚೆ ಒಂದು ಗೂಡಂಗಡಿಗೆ ಸಾಗಿಸಿಕೊಂಡಳು. ಆಮೇಲೆ ಊರಿನವರು ಅವಳನ್ನು 'ಸೆರಗು ತಾರಾಮಣಿ' ಎಂದರು. ಯಾರೂ ಅವಳ ಕೈಗೆ ರೇಷ್ಮೆ ಕೊಡಲಿಲ್ಲ. ಒಂಬತ್ತು ವರ್ಷದಿಂದ ಅವಳು ದಿಂಬಿನ ಚೀಲ, ಲಂಗ, ಶಾಲೆಯ ಯೂನಿಫಾರ್ಮು ಹೊಲಿದುಕೊಂಡಿದ್ದಳು. ನಾನು ಮೆಟ್ಟಿಲು ಹತ್ತದೆ ಸಕ್ಕರೆ ಕಾಯಿಲೆ ತರಿಸಿಕೊಂಡೆ.

ಅವತ್ತು ಜಿಮ್ಮಿನಿಂದ ಹೊರಡುವಾಗ ರೋಸ್ಲಿನ್‌ಳನ್ನು ಪಕ್ಕಕ್ಕೆ ಕರೆದೆ. "ಹತ್ತಿ ಇಟ್ಕೊಂಡು ಬರೋರನ್ನ ಹೇಗೆ ಒಳಗೆ ಬಿಟ್ರಿ?"

"ಅವರ ಬಡ್ಸು ಪಾಕೆಟ್ಟಲ್ಲಿ ಉಳಿದು ಬಟ್ಟೆ ಜೊತೆ ಒಗೆದುಹೋಯ್ತಂತೆ. ಒಂದು ವಾರ ಟೈಮ್ ಕೇಳಿದ್ದಾರೆ."

"ನಾನೊಂದು ಜೊತೆ ತಂದುಕೊಡ್ತೀನಿ. ಜಿಮ್ಮಿನ ಬಹುಮಾನ ಅಂತ ಹೇಳಿ ಅವರಿಗೇ ಕೊಡಿ. ನನ್ನ ಹೆಸರು ಬರಕೂಡದು."

ರೋಸ್ಲಿನ್ ನನ್ನ ಮುಖವನ್ನು ನೋಡಿದಳು. "ಯಾಕೆ?"

"ಮೆಟ್ಟಿಲು ಹತ್ತಿಸಬೇಡಿ," ಎಂದೆ. ಅವಳು ಮತ್ತೆ ಕೇಳಲಿಲ್ಲ. ಅವಳಿಗೂ ಆ ಹತ್ತಿ ನೋಡಿ ಸಾಕಾಗಿತ್ತು.

ಜಯಶೀಲ ನನ್ನನ್ನು ಕಂಡೊಡನೆ ಮಂಡಿ ನೀವಿಕೊಂಡ. "ಬಸ್ಕಿ ಬೇಡಪ್ಪ," ಎಂದೆ. "ಕಿವಿ ಇಲ್ಲಿಲ್ಲ." ಅವನು ಕಪ್ಪು ಬಣ್ಣದ್ದನ್ನೇ ಇನ್ನೊಂದು ಜೊತೆ ತೆಗೆದ. ನಾನು ಮೂರೂ ಅಳತೆಯ ರಬ್ಬರ್ ತುದಿಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಹದಿನೇಳು ವರ್ಷ ಎದುರಿಗೆ ಕೂತವಳ ಕಿವಿ ಕಣ್ಣಿಗೆ ಕಟ್ಟಿದ ಹಾಗಿತ್ತು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲನ್ನು ಅವಳು ಯಾವಾಗಲೂ ಎಡಗಿವಿಗೇ ಸಿಕ್ಕಿಸಿಕೊಳ್ಳುತ್ತಿದ್ದಳು. ಅದಕ್ಕೋ ಏನೋ ಆ ಕಿವಿ ಅಗಲವಾಗಿ ಮುಂದಕ್ಕೆ ಬಾಗಿತ್ತು. ಬಲಗಿವಿ ಮಗುವಿನದರ ಹಾಗೆ ಪುಟ್ಟದು, ತಲೆಗೆ ಒತ್ತಿಕೊಂಡಿರುವಂಥದ್ದು. ಎಡಕ್ಕೆ ದೊಡ್ಡದನ್ನೂ ಬಲಕ್ಕೆ ಸಣ್ಣದನ್ನೂ ಹಾಕಿ, ಒಂದು ಸಲ ಒತ್ತಿ ನೋಡಿ, ಡಬ್ಬ ಮುಚ್ಚಿದೆ.

"ಕಿವಿ ನೋಡದೆ ಅಳತೆ ಹಾಕೋರನ್ನ ಇದೇ ಮೊದಲು ನೋಡ್ತಿರೋದು," ಎಂದ ಜಯಶೀಲ.

ಗುರುವಾರ ರೋಸ್ಲಿನ್ ಎಲ್ಲರನ್ನೂ ನಿಲ್ಲಿಸಿ, 'ಈ ತಿಂಗಳ ಉತ್ತಮ ಸದಸ್ಯೆ' ತಾರಾಮಣಿ ಎಂದು ಘೋಷಿಸಿದಳು. ತಾರಾಮಣಿ ಸೇರಿ ನಾಲ್ಕೇ ದಿನವಾಗಿತ್ತು. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದ ಸುಜಾತಾಬಾಯಿ ಕೈಯಲ್ಲಿದ್ದ ಡಂಬೆಲ್ಲನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು. ತಾರಾಮಣಿ ಹತ್ತಿ ತೆಗೆದು ಬಡ್ಸ್ ಹಾಕಿಕೊಂಡಳು. ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಆಮೇಲೆ ಡಬ್ಬ ತೆರೆದು ಉಳಿದ ರಬ್ಬರ್ ತುದಿಗಳನ್ನು ಅಂಗೈ ಮೇಲೆ ಸುರಿದುಕೊಂಡು ಎಣಿಸಿದಳು. ನಾನು ಗೋಡೆಗೆ ಅಂಟಿಸಿದ್ದ ಸ್ನಾಯುಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ.

ಅಲ್ಲಿಂದ ಐದಾರು ದಿನ ನನ್ನಷ್ಟು ಹಗುರವಾದವಳು ಊರಿನಲ್ಲಿ ಇರಲಿಲ್ಲ. ತಾರಾಮಣಿಯ ಪಕ್ಕದಲ್ಲೇ ಓಡುತ್ತಿದ್ದೆ. ವೇಗ ಆರು, ಏಳು. ಎದೆ ಹೊಡೆದುಕೊಳ್ಳುತ್ತಿತ್ತು, ನನ್ನ ಮನಸ್ಸು ಅವಳಿಂದ ಒಂದು ಮೊಳದ ದೂರದಲ್ಲಿ 'ಸೆರಗು ಕತ್ತರಿಸಿದ್ದು ನಾನು, ನಾನು' ಎಂದು ಕೂಗಿಕೊಳ್ಳುತ್ತಿತ್ತು, ಅವಳು ಹಾಡು ಕೇಳುತ್ತ ತಲೆದೂಗುತ್ತಿದ್ದಳು. ದಿನಾ ತಪ್ಪೊಪ್ಪಿಕೊಂಡ ಸಮಾಧಾನ, ದಿನಾ ತಪ್ಪಿಸಿಕೊಂಡ ಸಮಾಧಾನ, ಎರಡೂ ಒಟ್ಟಿಗೆ. ಒಂದೂವರೆ ಕಿಲೋ ಇಳಿದೆ. ಡಾಕ್ಟರು ಬೆನ್ನು ತಟ್ಟಿದರು, ಕುರ್ಚಿಯಲ್ಲಿ ಕೂತೇ.

ಬುಧವಾರ ನಾನು ಟ್ರೆಡ್‌ಮಿಲ್ ಹತ್ತುವಾಗ ಯಾರೋ ಭುಜ ತಟ್ಟಿದರು. ತಾರಾಮಣಿ. ನನ್ನ ಕಾಲಿನ ಕಡೆ ಬೊಟ್ಟು ಮಾಡಿದಳು. ನಾನು ಬಡ್ಸ್ ತೆಗೆದೆ.

"ಲೇಸ್ ಬಿಚ್ಚಿದೆ. ಎಡವ್ತೀಯ," ಎಂದಳು.

ಒಂಬತ್ತು ವರ್ಷದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಬಗ್ಗಿ ಲೇಸ್ ಕಟ್ಟಿಕೊಂಡೆ. ಅವತ್ತು ನನಗೆ ಎಷ್ಟು ವೇಗ ಇಟ್ಟರೂ ಓಡಲಾಗಲಿಲ್ಲ.

ಮರುದಿನ ಬಿಸಿಲು ಹೆಚ್ಚಿತ್ತು, ಜಿಮ್ಮಿನ ಒಂದು ಫ್ಯಾನು ಕೆಟ್ಟಿತ್ತು. ಜಯಶೀಲನ ಅಂಗಡಿಯಲ್ಲಿ ನಾನು ತಲೆ ವಾಲಿಸಿ ನೋಡಿದ್ದೆ, ಬಗ್ಗಿ ನೋಡಿದ್ದೆ, ಆಕಳಿಸಿ ನೋಡಿದ್ದೆ, ಬೆವರಿ ನೋಡಿರಲಿಲ್ಲ. ಅಲ್ಲಿ ಬೆವರಿದ್ದು ಅವನೊಬ್ಬನೇ. ಕಾಲು ಗಂಟೆ ಓಡುವಷ್ಟರಲ್ಲಿ ಹಣೆಯಿಂದಿಳಿದ ಬೆವರು ಕಿವಿಯೊಳಗೆ ಹೋಯಿತು, ಬಲಗಡೆಯ ಬಡ್ ಜಾರಿ ಓಡುವ ಪಟ್ಟಿಯ ಮೇಲೆ ಬಿತ್ತು, ಪಟ್ಟಿ ಅದನ್ನು ಹಿಂದಕ್ಕೆಸೆಯಿತು, ಅದು ಹೋಗಿ ಸುಜಾತಾಬಾಯಿಯವರ ಬೆನ್ನಿಗೆ ತಗುಲಿತು. ಆ ಕ್ಷಣವೇ ನನ್ನ ಬಲಗಿವಿಗೆ, ಅಂದರೆ ತಾರಾಮಣಿ ಇದ್ದ ಕಡೆಯ ಕಿವಿಗೆ, ಅವಳ ದನಿ ಬಂತು. ಬಾಯಿ ಮುಚ್ಚಿಕೊಂಡು, ಎದುರು ಗೋಡೆ ನೋಡುತ್ತ ಓಡುತ್ತಿದ್ದಳು.

"ಎರಡು ಸಲ ನೋಡು ತಾರಾ. ಸೆರಗು ಯಾವ ಕಡೆ, ರವಿಕೆ ಬಟ್ಟೆ ಯಾವ ಕಡೆ. ಮೂರು ಸಲ ನೋಡು. ಅವತ್ತು ನೋಡಿದ್ನಾ? ನೋಡಿರಬೇಕಲ್ಲ. ಕತ್ತರಿ ಹಾಕಿದ್ದು ಯಾಕೆ ನೆನಪಿಗೇ ಬರಲ್ಲ? ಮಾತ್ರೆ ತರಕ್ಕೆ ಹೋದದ್ದು ನೆನಪಿದೆ. ಬಂದು ಟೀ ಕುಡಿದದ್ದು ನೆನಪಿದೆ. ಕತ್ತರಿ ಮಾತ್ರ ನೆನಪಿಲ್ಲ. ಆ ಹುಡುಗಿ ಬೇರೆ ಸೀರೆ ಉಟ್ಟು ಧಾರೆಗೆ ಕೂತಳಲ್ಲ. ಎರಡು ಸಲ ನೋಡು ತಾರಾ..."

ನಾನು ಮೆಷಿನ್ ನಿಲ್ಲಿಸಿದೆ. ಇಳಿದು ಹೋಗಿ ಮೂಲೆಯ ಬೆಂಚಿನ ಮೇಲೆ ಕೂತೆ. ಓಡಿಕೊಂಡೇ ಇದ್ದು, ಅವಳ ಬಡ್ಸ್ ಕಿತ್ತುಹಾಕಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಆದರೆ ಉಸಿರು ಕಟ್ಟಿದಾಗ ಸೋರಿಹೋಗುವ ಮಾತಾಗಿ ಅದನ್ನು ಅವಳಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಅಂದು ಸುಳ್ಳು ಹೇಳಿದ್ದು ಇದೇ ಬಾಯಿ. ಬೆಂಚಿನ ಮೇಲೆ ಹತ್ತು ನಿಮಿಷ ಕೂತೆ. ಎದೆಯ ಬಡಿತ ಇಳಿಯಿತು. ಎದ್ದು ಹೋಗಿ ಅವಳ ಟ್ರೆಡ್‌ಮಿಲ್ಲಿನ ಎದುರು ನಿಂತೆ.

"ತಾರಾ, ಆ ಸೆರಗು ಕತ್ತರಿಸಿದ್ದು ನಾನು," ಎಂದೆ.

ತಾರಾಮಣಿ ಓಡುತ್ತಲೇ ಹುಬ್ಬೇರಿಸಿ, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದಳು.

"ಸೆರಗು! ನಾನು ಕತ್ತರಿಸಿದ್ದು!"

ಅವಳು ಕಿವಿ ತೋರಿಸಿ ಕೈಯಾಡಿಸಿದಳು. ಆ ಬಡ್ಸ್ ಒಂದು ಹನಿ ಸದ್ದನ್ನೂ ಒಳಗೆ ಬಿಡುತ್ತಿರಲಿಲ್ಲ. ಅಳತೆ ನಾನೇ ಹಾಕಿದ್ದಲ್ಲವೇ. ಅಷ್ಟರಲ್ಲಿ ನನ್ನ ಬಾಯಿ ಆಡುವುದನ್ನು ಕಂಡು ಸುಜಾತಾಬಾಯಿ ಒಂದು ಬಡ್ ತೆಗೆದರು. ಅವರು ತೆಗೆದದ್ದು ನೋಡಿ ಸೈಕಲ್ ಮೇಲಿದ್ದ ಇಬ್ಬರು ತೆಗೆದರು, ಅವರನ್ನು ನೋಡಿ ಉಳಿದವರೂ ತೆಗೆದರು. ರೋಸ್ಲಿನ್ ಓಡಿಬಂದಳು. ನನಗೆ ಯಾವುದೂ ಕಾಣಿಸಲಿಲ್ಲ. ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು, ಹೊಟ್ಟೆಯ ತಳದಿಂದ ಕೂಗಿದೆ.

"ಹೆಡ್‌ಮಿಸ್ ಮಗಳ ಸೀರೆ ಸೆರಗು ಕತ್ತರಿಸಿದ್ದು ನಾನು ಕಣೇ! ನೀನಲ್ಲ! ಕತ್ತರಿಸಿ ನಿನ್ನ ರಾಶಿಯಲ್ಲಿಟ್ಟೆ!"

ಜಿಮ್ಮಿನಲ್ಲಿದ್ದ ಹನ್ನೊಂದು ಜನರಲ್ಲಿ ಹತ್ತು ಜನಕ್ಕೆ ಕೇಳಿಸಿತು. ಪಕ್ಕದ ಬೇಕರಿಯವನಿಗೂ ಕೇಳಿಸಿತಂತೆ. ತಾರಾಮಣಿ ಸುತ್ತಲೂ ನಿಂತವರನ್ನು ನೋಡಿ ಗಾಬರಿಯಾಗಿ, ಮೆಷಿನ್ ನಿಲ್ಲಿಸಿ, ಎಡಗಿವಿಯ ಬಡ್ ತೆಗೆದಳು.

"ಏನೇ ಅದು? ಮೀನಿನ ಥರ ಬಾಯಿ ಆಡಿಸ್ತಿದ್ದೀಯಲ್ಲ."

ನಾಲ್ಕನೇ ಸಲ ಹೇಳುವಾಗ ನನ್ನ ದನಿ ಪಿಸುಮಾತಿನಷ್ಟೂ ಇರಲಿಲ್ಲ. ಆದರೆ ಅವಳಿಗೆ ಕೇಳಿಸಿತು.

ತಾರಾಮಣಿ ಬಲಗಿವಿಯ ಬಡ್ಡನ್ನೂ ತೆಗೆದು, ಎರಡನ್ನೂ ಡಬ್ಬದಲ್ಲಿಟ್ಟು, ಡಬ್ಬವನ್ನು ಕಿಟಕಿಯ ಮೇಲಿಟ್ಟಳು. ಟ್ರೆಡ್‌ಮಿಲ್ಲಿನಿಂದ ಕೆಳಗಿಳಿದಳು.

"ಹತ್ತು," ಎಂದಳು.

"ತಾರಾ, ನಾನು ಹೇಳಿದ್ದು ನಿಜ..."

"ಅವತ್ತು ಹತ್ತಿಸಬೇಕಿತ್ತು. ಹತ್ತಿಸಲಿಲ್ಲ. ಈಗ ಹತ್ತು."

ಹತ್ತಿದೆ. ಅವಳೇ ಬಟನ್ ಒತ್ತಿದಳು. ಐದು, ಆರು, ಏಳೂವರೆ. ನನ್ನ ಉಸಿರು ಮೂರೇ ನಿಮಿಷಕ್ಕೆ ಕೈಕೊಟ್ಟಿತು. ಹೆಂಗಸರೆಲ್ಲ ನೆಲದ ಮೇಲೆ ಚಾಪೆ ಹಾಸಿ ಕೂತರು. ಹತ್ತು ಜನರ ಮುಂದೆ, ನನ್ನ ದನಿಯಲ್ಲಿ, ನನ್ನೆದೆಯಿಂದ ಎಲ್ಲ ಹೊರಗೆ ಬಂತು: "ನಾನೇ ಕತ್ತರಿಸಿದ್ದು. ನಾಳೆ ಹೇಳೋಣ ಅಂತಿದ್ದೆ. ನಾಳೆ ನಾಳೆ ಅಂತ ಒಂಬತ್ತು ವರ್ಷ ಆಯ್ತು. ಅಯ್ಯೋ ಮಂಡಿ. ಟೀ ಲೋಟಕ್ಕೆ ಜಗಳ ತೆಗೆದದ್ದು ನಿನ್ನ ಮುಖ ನೋಡಕ್ಕಾಗದೆ. ಎದುರಿಗೆ ಕೂತ್ಕೊಳ್ಳೋರಿಲ್ಲದೆ ಟೀ ರುಚೀನೇ ಇಲ್ಲ. ಈ ಬಡ್ಸ್ ಕೊಡಿಸಿದ್ದೂ ನಾನೇ, ನಿನ್ನ ಮೇಲಿನ ಪ್ರೀತಿಗಲ್ಲ, ನಂದು ಕೇಳಬಾರದು ಅಂತ. ಸ್ವಲ್ಪ ಪ್ರೀತಿಗೂ ಇರಬಹುದು. ಸುಜಾತಾಬಾಯಿ ರವಿಕೆಗೆ ನಾನು ಹಾಕಿದ ಕೊಕ್ಕೆ ಕೆಳಗೆ ಮೇಲಾಗಿದೆ, ಅವರಿಗಿನ್ನೂ ಗೊತ್ತಾಗಿಲ್ಲ..."

ಸುಜಾತಾಬಾಯಿ ಬೆನ್ನು ಮುಟ್ಟಿ ನೋಡಿಕೊಂಡರು. ಬಹುಮಾನದ ವಿಷಯ ಬಂದಾಗ ರೋಸ್ಲಿನ್ ಮುಖಕ್ಕೆ ಟವೆಲ್ ಹಿಡಿದುಕೊಂಡಳು.

"ಬಡ್ಸ್ ನಿಂದು ಅಂತ ಅವತ್ತೇ ಗೊತ್ತಾಯ್ತು," ಎಂದಳು ತಾರಾಮಣಿ, ಮೆಷಿನ್ ನಿಲ್ಲಿಸಿ. "ನನ್ನ ಕಿವಿ ಅಳತೆ ರೋಸ್ಲಿನ್‌ಗೆ ಏನು ಗೊತ್ತು? ಯಾಕೆ ಕೊಡಿಸಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಹಳೇದು ನೆನಪಾಗಿ ಕೊಟ್ಟಿರಬೇಕು ಅಂದ್ಕೊಂಡೆ, ಪೆದ್ದಿ ನಾನು. ಈಗ ಇಳಿ. ನಂದನ್ನೂ ಕೇಳು."

ಅವಳು ಮೆಷಿನ್ ಹತ್ತಿ ವೇಗವನ್ನು ಎಂಟಕ್ಕೆ ಇಟ್ಟುಕೊಂಡಳು. ಮೆಷಿನ್ನಿನ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ ಬೈಗುಳವೇ ಬಂತು. ಅವುಗಳಲ್ಲಿ ಕೆಲವನ್ನು ನಾನು ಮೊದಲ ಸಲ ಕೇಳಿದೆ. ನನ್ನ ಕೈಗೆ ಏನಾಗಬೇಕು, ನನ್ನ ನಾಲಿಗೆಗೆ ಏನಾಗಬೇಕು, ನನ್ನ ಮಷೀನಿನ ಬೆಲ್ಟಿಗೆ ಏನಾಗಬೇಕು ಎಲ್ಲ ಬಂತು. ನಾನು ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದೆ. ಬೈಗುಳ ಮುಗಿದ ಮೇಲೂ ಅವಳು ಓಡುವುದನ್ನು ನಿಲ್ಲಿಸಲಿಲ್ಲ. ಹಿಡಿಕೆ ಬಿಟ್ಟು, ಕೈ ಬೀಸಿಕೊಂಡು ಓಡಿದಳು. ಆಗ ಅವಳೆದೆಯಿಂದ ಒಂದೇ ಮಾತು ಹೆಜ್ಜೆಗೊಂದರಂತೆ ಬರುತ್ತಿತ್ತು: "ನಾನಲ್ಲ. ನಾನಲ್ಲ. ನಾನಲ್ಲ." ಇಳಿದು ಬಂದವಳು ನನ್ನ ಮುಖ ನೋಡದೆ ಚೀಲ ತೆಗೆದುಕೊಂಡು ಮನೆಗೆ ಹೋದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಸಂಜೆ ಹೆಡ್‌ಮಿಸ್ಸು ತಾವೇ ತಾರಾಮಣಿಯ ಗೂಡಿಗೆ ಹೋಗಿ ಅರ್ಧ ಗಂಟೆ ಕೂತು ಬಂದರು. ಮರುದಿನದಿಂದ ನನ್ನ ಅಂಗಡಿಗೆ ಬಂದವರೆಲ್ಲ ಒಂದೇ ಮಾತು: "ನಮ್ಮದಿನ್ನೂ ಕತ್ತರಿಸಿಲ್ಲ ತಾನೇ?" ಇಲ್ಲ ಎಂದರೆ, ಸೀರೆ ಬಿಡಿಸಿ ಎರಡೂ ತುದಿ ನೋಡಿ, ಮಡಿಸಿಕೊಂಡು, ಅಲ್ಲಿಂದ ನೇರ ರಸ್ತೆ ದಾಟುತ್ತಿದ್ದರು. ಹದಿನೈದು ದಿನಕ್ಕೆ ನನ್ನ ಕಪಾಟು ಬರಿದಾಯಿತು. ಎದುರು ಗೂಡಿನಲ್ಲಿ ರೇಷ್ಮೆ ಸೀರೆಗಳನ್ನು ಇಡಲು ಜಾಗವಿಲ್ಲದೆ ತಾರಾಮಣಿ ಕುರ್ಚಿಯ ಮೇಲೆ, ಕಿಟಕಿಯ ಮೇಲೆ ಇಟ್ಟಿದ್ದಳು. ಜಿಮ್ಮಿನಲ್ಲಿ ತಾರಾಮಣಿ ನನ್ನಿಂದ ಮೂರು ಮೆಷಿನ್ ಆಚೆ ಓಡುತ್ತಿದ್ದಳು, ಕಿವಿಯಲ್ಲಿ ಅದೇ ಕಪ್ಪು ಬಡ್ಸ್. ನಾನು ಬರಿ ಮಷೀನಿನ ಮುಂದೆ ಕೂತು ಹಳೆಯ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ದುಃಖವಿತ್ತು, ಆದರೆ ಬಸ್‌ಸ್ಟ್ಯಾಂಡಿನ ಮೆಟ್ಟಿಲನ್ನು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿದ್ದೆ. ಕೇಳುವವರು ಕೇಳಿಕೊಳ್ಳಲಿ.

ಒಂದು ಶುಕ್ರವಾರ ನಾಲ್ಕು ಗಂಟೆಯ ಹೊತ್ತಿಗೆ ತಾರಾಮಣಿ ರಸ್ತೆ ದಾಟಿ ಬಂದಳು. ಕಂಕುಳಲ್ಲಿ ಒಂದು ಗಂಟು. ಅದನ್ನು ತಂದು ನನ್ನ ಮಷೀನಿನ ಮೇಲೆ ದೊಪ್ಪನೆ ಹಾಕಿದಳು. ಹದಿನಾಲ್ಕು ಸೀರೆ, ಅವುಗಳ ಬಣ್ಣಕ್ಕೊಪ್ಪುವ ಹದಿನಾಲ್ಕು ಫಾಲ್ಸ್ ಪಟ್ಟಿ.

"ಸೋಮವಾರಕ್ಕೆ ಬೇಕು," ಎಂದಳು. "ಫಾಲ್ಸ್ ಹೊಲಿಗೆ ಮಾತ್ರ. ಕತ್ತರಿ ಮುಟ್ಟಿದ್ರೆ ನೋಡು."

"ಟೀ ತರಿಸ್ಲಾ?" ಎಂದೆ.

"ಕೆಲಸ ನೋಡು ಮೊದ್ಲು," ಎಂದು ಹೊರಟುಹೋದಳು.

ಮೇಲಿನ ಸೀರೆ ಬಿಚ್ಚಿದೆ. ನವಿಲುಗರಿ ಬಣ್ಣದ್ದು. ಅಂಚಿಗೆ ಪಟ್ಟಿ ಹಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಕೈಹೊಲಿಗೆ ಶುರುಮಾಡಿದೆ. ಹತ್ತಿರ ಹತ್ತಿರ ಸಣ್ಣ ಹೊಲಿಗೆ, ಮೇಲಿನಿಂದ ಕಾಣದ ಹಾಗೆ. ರಸ್ತೆಯಾಚೆ ಅವಳು ತನ್ನ ಮಷೀನಿನ ಮುಂದೆ ಕೂತು, ಎಡಗಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ನನ್ನ ಕೈಯನ್ನೇ ನೋಡುತ್ತಿದ್ದಳು. ಪಟ್ಟಿಯ ಕೊನೆ ಬಂತು. ಗಂಟು ಹಾಕಿದೆ. ಕತ್ತರಿ ಮೊಣಕೈ ಹತ್ತಿರವೇ ಇತ್ತು. ಬಗ್ಗಿ, ದಾರವನ್ನು ಹಲ್ಲಿನಿಂದಲೇ ಕಡಿದೆ.